ದೂರ = ವೇಗ × ಕಾಲ: ಹೊನ್ನಾವರದ ಸೇತುವೆ ದಾಟುತ್ತಾ ಒಂದು ಲೆಕ್ಕ

ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೂ ಅಂಕ ಹೋಗುವುದು ಇಲ್ಲೇ. ಗಂಟೆಗೆ 72 ಕಿ.ಮೀ. ಹೋಗುವ ರೈಲು 10 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ಕೇಳಿದ್ದಕ್ಕೆ ನಾನು ಸುಮ್ನೆ 72ನ್ನು 10ರಿಂದ ಗುಣಿಸಿ 720 ಮೀಟರ್ ಅಂತ ಬರೆದು ಬಂದಿದ್ದೆ! ಗಂಟೆಗೂ ಸೆಕೆಂಡಿಗೂ ಗಂಟು ಹಾಕಿದ್ದೆ, ಅಷ್ಟೆ.

ಮೊದಲು ಮಾನ ಸರಿಮಾಡಿಕೊಳ್ಳಿ. 72 ಕಿ.ಮೀ. ಅಂದರೆ 72,000 ಮೀಟರ್, ಒಂದು ಗಂಟೆ ಅಂದರೆ 3,600 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 20 ಮೀಟರ್. (5/18ರಿಂದ ಗುಣಿಸಿ ಅನ್ನುವುದು ಇದರದೇ ಅಡ್ಡದಾರಿ.) ಅಲ್ಲಿಗೆ 10 ಸೆಕೆಂಡಿಗೆ 200 ಮೀಟರ್.

ಈಗ ಕೊಂಕಣ ರೈಲಿನಲ್ಲಿ ಹೊನ್ನಾವರದ ಶರಾವತಿ ಸೇತುವೆಗೆ ಬನ್ನಿ. ಉದ್ದ ಸುಮಾರು 2,066 ಮೀಟರ್. ರೈಲು ಇದೇ 72ರಲ್ಲಿ ಒಂದೇ ಸಮನೆ ಹೋಗುತ್ತಿದೆ ಅಂದುಕೊಳ್ಳಿ. ನೀವು ಕಿಟಕಿ ಪಕ್ಕ ಕೂತು, ಕೆಳಗೆ ಸೇತುವೆ ಶುರುವಾದಾಗಿನಿಂದ ಮುಗಿಯುವ ತನಕ ಎಣಿಸಿದರೆ ಸುಮಾರು 103 ಸೆಕೆಂಡ್. 20 × 103 = 2,060, ಸರಿಹೋಯಿತು ಅಲ್ವಾ?

ಆದರೆ ಪ್ರಶ್ನೆಯಲ್ಲಿ ‘ರೈಲು ಸೇತುವೆಯನ್ನು ಪೂರ್ತಿ ದಾಟಲು’ ಅಂತಿದ್ದರೆ ಹುಷಾರು. ಎಂಜಿನ್ ಸೇತುವೆಗೆ ಬಂದಾಗಿನಿಂದ ಕೊನೆಯ ಬೋಗಿ ಹೊರಬೀಳುವವರೆಗೆ ಎಂಜಿನ್ ಹೋಗಿರುವುದು ಸೇತುವೆಯ ಉದ್ದ ಮಾತ್ರ ಅಲ್ಲ, ರೈಲಿನ ಉದ್ದವೂ ಸೇರಿ. ರೈಲು 480 ಮೀಟರ್ ಇದ್ದರೆ ಒಟ್ಟು 2,546 ಮೀಟರ್, ಸುಮಾರು 127 ಸೆಕೆಂಡ್. ಕಿಟಕಿಯಲ್ಲಿ ಕೂತವರಿಗೆ 103, ದಡದಲ್ಲಿ ನಿಂತು ನೋಡುವವರಿಗೆ 127. ಎರಡೂ ಸರಿಯೇ. ಯಾವ ಬಿಂದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಚಿತ್ರ ಬರೆದುಕೊಂಡರೆ ಗೊಂದಲವೇ ಇಲ್ಲ.

ವೇಗ–ಕಾಲ ನಕ್ಷೆಯಲ್ಲಿ ಇದು 20ರ ಎತ್ತರದಲ್ಲಿ ಎಳೆದ ಅಡ್ಡಗೆರೆ. ಅದರ ಕೆಳಗಿನ ಆಯತದ ವಿಸ್ತೀರ್ಣವೇ ದೂರ. ದೂರ–ಕಾಲ ನಕ್ಷೆಯಲ್ಲಾದರೆ ಓರೆಗೆರೆ ಬರುತ್ತದೆ, ಅದರಲ್ಲಿ ಅಡ್ಡಗೆರೆ ಬಂದರೆ ರೈಲು ನಿಂತಿದೆ ಅಂತ ಅರ್ಥ.

ಇನ್ನೊಂದು ಸಣ್ಣ ವಿಷಯ. ಪಠ್ಯದಲ್ಲಿ ಜವ ಬೇರೆ, ವೇಗ ಬೇರೆ: ಜವ (speed) ಅಂದರೆ ಎಷ್ಟು ಬೇಗ ಅನ್ನುವುದು ಮಾತ್ರ, ವೇಗ (velocity) ಅಂದರೆ ಅದರ ಜೊತೆಗೆ ದಿಕ್ಕೂ ಸೇರಿ. ಇಲ್ಲಿಯವರೆಗೆ ಮಾತಿನ ರೂಢಿಯಂತೆ ವೇಗ ಅಂದದ್ದು ಈ ಜವವನ್ನೇ. ಹಳಿ ತಿರುಗಿದರೆ ಜವ 20 ಆಗಿಯೇ ಉಳಿಯಬಹುದು, ಆದರೆ ದಿಕ್ಕು ಬದಲಾಗಿದ್ದರಿಂದ ವೇಗ ಬದಲಾಯಿತು. ಆಗಲೂ ಜವ × ಕಾಲ ಅಂತ ದೂರ ಸಿಗುತ್ತದೆ, ಸ್ಥಾನಪಲ್ಲಟ (ಹೊರಟಲ್ಲಿಂದ ತಲುಪಿದಲ್ಲಿಗೆ ನೇರ ಗೆರೆಯ ಅಂತರ) ಮಾತ್ರ ಅದಕ್ಕಿಂತ ಕಡಿಮೆ.

ಬಸ್ಸಿನಲ್ಲಿ ಹೋಗುವಾಗ ಇದನ್ನೇ ತಿರುಗಿಸಿ ನೋಡಿ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ 75 ಸೆಕೆಂಡ್ ಆದರೆ, 3,600ನ್ನು 75ರಿಂದ ಭಾಗಿಸಿ: ಗಂಟೆಗೆ 48 ಕಿ.ಮೀ. ನಡುವೆ ಹಂಪ್ ಬಂದು ಡ್ರೈವರ್ ಬ್ರೇಕ್ ಒತ್ತಿದ್ದರೆ ಅದು ಬರೀ ಸರಾಸರಿ ಜವ.