ಪದ ಪರಿಚಯ: ಕುಟುಂಬ ಎಂಬ ಒಲೆ

ಕಳೆದ ವಾರ ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದ ನಮ್ಮ ಕನ್ನಡಿಗರ ನಡುವೆ ಕೈಯಿಂದ ಕೈಗೆ ಓಡಾಡಿದ ಬರಹವೊಂದರಲ್ಲಿ ಈ ಸಾಲುಗಳಿದ್ದವು: ‘ಕುಟುಂಬದ ಸರಾಸರಿ ಗಾತ್ರ ಗಣತಿಯಿಂದ ಗಣತಿಗೆ ಇಳಿಯುತ್ತಿದೆ. ನಗರದ ಮಂದಿ ತಂದೆ ತಾಯಿಯನ್ನು ಕೈಬಿಡುತ್ತಿದ್ದಾರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?’ ಬೇಕು. ಜನಗಣತಿಯ ಕೋಷ್ಟಕದಲ್ಲಿ ‘ಕುಟುಂಬ’ ಎಂದು ಅಚ್ಚಾಗಿರುವುದು ಒಂದು, ಬರೆದವರು ಅಂದುಕೊಂಡದ್ದು ಇನ್ನೊಂದು. ಈ ವರ್ಷ ಇದೇ ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಮೂರನೆಯ ಸಲ. 2027ರ ಗಣತಿಯ ಅಂಕಿಗಳು ಬರತೊಡಗಿದರೆ ಮೂವತ್ತು ಸಲ ಬೀಳುತ್ತದೆ. ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಗಣತಿಯ ಲೆಕ್ಕದಲ್ಲಿ ಕುಟುಂಬವೆಂದರೆ ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯ ಊಟ ಮಾಡುವ ಜನರ ಗುಂಪು. ಕೆಲಸದ ನಿಮಿತ್ತ ಯಾರಾದರೂ ಹೊರಗೆ ಉಣ್ಣಬೇಕಾಗಿ ಬಂದರೆ ಅಡ್ಡಿಯಿಲ್ಲ. ಇಷ್ಟೇ ಅದರ ವ್ಯಾಖ್ಯೆ. ಅದರಲ್ಲಿ ಮದುವೆಯ ಮಾತಿಲ್ಲ, ರಕ್ತದ ಮಾತಿಲ್ಲ, ಮನೆತನದ ಹೆಸರಿಲ್ಲ. ಗುಂಪಿನವರು ನೆಂಟರಾಗಿರಬಹುದು, ಆಗದಿರಬಹುದು, ಕೆಲವರು ಆಗಿದ್ದು ಕೆಲವರು ಆಗದೆಯೂ ಇರಬಹುದು. ಒಲೆ ಒಂದಾಗಿರಬೇಕು, ಅಷ್ಟೆ.

ಇಲ್ಲಿಯೇ ಹತ್ತಿರದ ಹಿಂಜವಡಿಯ ಒಂದು ಫ್ಲ್ಯಾಟನ್ನು ನೋಡಿ. ಬೆಳಗಾವಿಯವನೊಬ್ಬ, ದಾವಣಗೆರೆಯವನೊಬ್ಬ, ನಾಗಪುರದವನೊಬ್ಬ, ಕೇರಳದವನೊಬ್ಬ ಬಾಡಿಗೆ ಹಂಚಿಕೊಂಡು ಇದ್ದಾರೆ. ಅಡುಗೆಗೆ ಬರುವ ಮಾವಶಿ ಒಂದೇ ಕುಕ್ಕರಿನಲ್ಲಿ ನಾಲ್ವರಿಗೂ ಅನ್ನ ಇಡುತ್ತಾರೆ. ಗಣತಿಗೆ ಇವರು ನಾಲ್ಕು ಜನರ ಒಂದು ಕುಟುಂಬ. ಮುಂದಿನ ತಿಂಗಳು ಮಾವಶಿ ಬಿಟ್ಟುಹೋಗಿ, ನಾಲ್ವರೂ ತಂತಮ್ಮ ರುಚಿಯ ಡಬ್ಬ ತರಿಸಿಕೊಳ್ಳತೊಡಗಿದರೆ ಅದೇ ಫ್ಲ್ಯಾಟಿನಲ್ಲಿ ನಾಲ್ಕು ಕುಟುಂಬಗಳಾಗುತ್ತವೆ. ಪ್ರತಿಯೊಂದರ ಗಾತ್ರ ಒಂದು. ಇಲ್ಲಿ ಯಾರೂ ಯಾರನ್ನೂ ಕೈಬಿಟ್ಟಿಲ್ಲ. ಕುಕ್ಕರ್ ಮಾತ್ರ ನಿಂತಿದೆ.

ಮನೆಯಲ್ಲೇ ಇದ್ದು ಅಲ್ಲಿಯೇ ಉಣ್ಣುವ ಕೆಲಸದ ಹುಡುಗಿ ಆ ಮನೆಯ ಕುಟುಂಬದವಳು. ಹಾಸ್ಟೆಲಿನಲ್ಲಿ ಓದುವ ಸ್ವಂತ ಮಗಳು ಆ ಕುಟುಂಬದಲ್ಲಿಲ್ಲ. ಹಾಸ್ಟೆಲು, ಆಶ್ರಮ, ಜೈಲುಗಳಿಗೆ ಸಾಂಸ್ಥಿಕ ಕುಟುಂಬ ಎಂಬ ಬೇರೆ ಪಟ್ಟಿಯಿದೆ. ಇನ್ನು ಮನೆಯೇ ಇಲ್ಲದ ಕುಟುಂಬವೂ ಉಂಟು. ಫ್ಲೈಓವರಿನ ಕೆಳಗೆ, ಕಾಲುದಾರಿಯ ಮೇಲೆ, ರೈಲು ನಿಲ್ದಾಣದಲ್ಲಿ ಮಲಗುವವರನ್ನು ಕಳೆದ ಗಣತಿಯಲ್ಲಿ 2011ರ ಫೆಬ್ರವರಿ 28ರ ರಾತ್ರಿ ಎಣಿಸಿದರು. ಪುಣೆಯ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರು ಬಯಲಿನಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಾರಲ್ಲ, ಆ ಮೂರು ಕಲ್ಲೂ ಗಣತಿಗೆ ಒಂದು ಕುಟುಂಬವೇ. ವ್ಯಾಖ್ಯೆ ಒಳ್ಳೆಯದು, ಮನುಷ್ಯರನ್ನು ಬಿಟ್ಟುಬಿಡದ ವ್ಯಾಖ್ಯೆ. ತೊಡಕಿರುವುದು ಅದಕ್ಕೆ ನಾವು ಆರಿಸಿದ ಪದದಲ್ಲಿ.

ಇಂಗ್ಲಿಷಿನಲ್ಲಿ ಫ್ಯಾಮಿಲಿ ಬೇರೆ, ಹೌಸ್‌ಹೋಲ್ಡ್ ಬೇರೆ. ಸರ್ಕಾರಿ ಕನ್ನಡವೂ ಸರ್ಕಾರಿ ಮರಾಠಿಯೂ ಎರಡಕ್ಕೂ ‘ಕುಟುಂಬ’ ಎಂದು ಬರೆದು ಕೈತೊಳೆದುಕೊಂಡಿವೆ. ಆ ಪದಕ್ಕೆ ಮೊದಲೇ ಎಷ್ಟು ಹೊರೆ ಇತ್ತು ಎಂದು ಯಾರೂ ಕೇಳಿದಂತಿಲ್ಲ.

ಮುಂಬೈಯಲ್ಲಿ ನೆಲೆಸಿದ ಉಡುಪಿ ಕಡೆಯ ಬಂಟರೊಬ್ಬರನ್ನು ‘ನಿಮ್ಮ ಕುಟುಂಬ ಎಷ್ಟು ದೊಡ್ಡದು?’ ಎಂದು ಕೇಳಿದರೆ ಅವರು ನೂರು ಎಂದಾರು, ಇನ್ನೂರು ಎಂದಾರು. ತುಳುನಾಡಿನ ಅಳಿಯಸಂತಾನ ಪದ್ಧತಿಯವರಲ್ಲಿ ಕುಟುಂಬವೆಂದರೆ ತಾಯಿಯ ಕಡೆಯಿಂದ ಇಳಿದು ಬಂದ ಇಡೀ ಬಳ್ಳಿ. ಅದಕ್ಕೆ ಒಂದು ತರವಾಡು ಮನೆ, ಒಂದು ದೈವ. ವರ್ಷಕ್ಕೊಮ್ಮೆ ಊರಿಗೆ ಹೋಗಿ ‘ಕುಟುಂಬದ ಮನೆ’ಯಲ್ಲಿ ಸೇರುವುದು ಈ ಅರ್ಥದಲ್ಲಿ. 1949ರ ಮದರಾಸು ಅಳಿಯಸಂತಾನ ಕಾಯ್ದೆ ‘ಕುಟುಂಬ’, ‘ಕವರು’ (ಕುಟುಂಬದ ಕವಲು) ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡು ವ್ಯಾಖ್ಯಾನಿಸಿತು. ಈ ಲೆಕ್ಕದಲ್ಲಿ ಗಂಡಸಿನ ಹೆಂಡತಿ ಮಕ್ಕಳು ಅವನ ಕುಟುಂಬದವರಲ್ಲ. ಅವರು ಅವಳ ತಾಯಿಯ ಕುಟುಂಬದವರು.

ಅದೇ ಮುಂಬೈಯಲ್ಲಿ ಹಳೆಯ ತಲೆಮಾರಿನ ಮರಾಠಿ ಗಂಡ ‘ಆಮಚಂ ಕುಟುಂಬ’ ಎಂದರೆ ಹೆಂಡತಿ, ಅವಳೊಬ್ಬಳೇ. ಹೆಸರು ಹಿಡಿಯಬಾರದೆಂಬ ಸಂಕೋಚಕ್ಕೆ ಹುಟ್ಟಿದ ಬಳಕೆ. ನಮ್ಮಲ್ಲಿಯೂ ‘ಸಂಸಾರ ಊರಲ್ಲಿದೆ’ ಎಂದರೆ, ‘ಫ್ಯಾಮಿಲಿ ತವರಿಗೆ ಹೋಗಿದ್ದಾರೆ’ ಎಂದರೆ ಅದೇ ತಾನೆ? ಅಂದರೆ ಒಂದೇ ಊರಿನ ಒಂದೇ ಬೀದಿಯಲ್ಲಿ ಒಂದು ಬಳಕೆ ಹೆಂಡತಿ ಮಕ್ಕಳನ್ನು ಬಿಟ್ಟು ತಾಯಿಯ ಕಡೆಯವರನ್ನೆಲ್ಲ ಎಣಿಸುತ್ತದೆ, ಇನ್ನೊಂದು ಉಳಿದವರನ್ನೆಲ್ಲ ಬಿಟ್ಟು ಹೆಂಡತಿಯನ್ನು ಮಾತ್ರ ಎಣಿಸುತ್ತದೆ. ಇದರ ಮೇಲೆ ಮೂರನೆಯದಾಗಿ ಗಣತಿಯ ಅರ್ಥ ಬಂದು ಕೂತಿತು. 2020ರಲ್ಲಿ ಕೊರೊನಾ ಕಾಲದ ಮನೆ ಮನೆ ತಪಾಸಣೆಗೆ ಮಹಾರಾಷ್ಟ್ರ ಸರ್ಕಾರ ‘ಮಾಝೆ ಕುಟುಂಬ, ಮಾಝಿ ಜಬಾಬದಾರಿ’ ಎಂದು ಹೆಸರಿಟ್ಟಿತು. ಬಾಗಿಲಿಗೆ ಬಂದವರು ಕೇಳಿದ್ದು ಒಳಗೆ ಎಷ್ಟು ಜನ ಇದ್ದೀರಿ ಎಂದು. ನಮ್ಮ ಕಟ್ಟಡದ ಒಬ್ಬರು ಊರಿನಲ್ಲಿದ್ದ ತಾಯಿಯನ್ನೂ ಸೇರಿಸಿ ಹೇಳಿದರು. ಅವರ ತಪ್ಪೇನು? ಕೇಳಿದ ಪದವೇ ಹಾಗಿತ್ತು.

ಇಷ್ಟೆಲ್ಲ ಗೊಂದಲ ಪಡಬೇಕಾದ ಬಡತನ ಕನ್ನಡಕ್ಕೆ ಇರಲಿಲ್ಲ. ನಮ್ಮಲ್ಲಿ ‘ಒಕ್ಕಲು’ ಇದೆ. ಇಂದು ಅದನ್ನು ಗೇಣಿದಾರ ಅಥವಾ ರೈತ ಎಂದಷ್ಟೇ ತಿಳಿಯುತ್ತಾರೆ. ಆದರೆ ಹಳೆಯ ಶಾಸನಗಳಲ್ಲಿ ಎಣ್ಣೆ ತೆಗೆಯುವವರ ಸಂಘವನ್ನು ‘ತೆಲ್ಲಿಗರೈವತ್ತೊಕ್ಕಲು’ ಎಂದು ಬರೆದಾಗ ಎಣಿಸಿದ್ದು ಐವತ್ತು ಮನೆಗಳನ್ನು, ಐವತ್ತು ಗಾಣಿಗರನ್ನಲ್ಲ. ಒಕ್ಕಲು ಎಂದರೆ ಒಂದು ಕಡೆ ನೆಲೆ ನಿಂತು ಬಾಳುವ ಮನೆಮಂದಿ. ಈ ಪದವನ್ನು ಕಣದಲ್ಲಿ ಕಾಳು ಬಿಡಿಸುವ ‘ಒಕ್ಕು’ವಿಗೆ ಕಟ್ಟುವವರಿದ್ದಾರೆ. ಹಳೆಯ ತಮಿಳಿನಲ್ಲಿ ‘ಒಕ್ಕಲ್’ ಎಂದರೆ ಬಂಧುಬಳಗ, ಅಲ್ಲಿ ಕಣವೂ ಇಲ್ಲ, ಕಾಳೂ ಇಲ್ಲ. ಆದ್ದರಿಂದ ಮನೆಮಂದಿ ಎಂಬ ಅರ್ಥವೇ ಮೊದಲಿನದು, ಬೇಸಾಯ ಆಮೇಲೆ ಬಂದು ಸೇರಿದ್ದು ಎಂದು ನನ್ನ ಎಣಿಕೆ.

ಸಂಸ್ಕೃತದ ಕುಟುಂಬಕ್ಕೂ ಇದೇ ಗತಿಯಾಯಿತೆನ್ನುವುದು ನನ್ನನ್ನು ಈಗಲೂ ಹಿಡಿದು ನಿಲ್ಲಿಸುತ್ತದೆ. ಹಳೆಯ ತಾಮ್ರಪಟಗಳಲ್ಲಿ ಭೂಮಿ ದಾನ ಕೊಡುವಾಗ ಊರಿನ ‘ಕುಟುಂಬಿ’ಗಳನ್ನು ಕರೆದು ತಿಳಿಸುತ್ತಾರೆ. ಅವರು ಮನೆ, ಹೊಲ ಎರಡೂ ಉಳ್ಳ ಒಕ್ಕಲು ಮಕ್ಕಳು. ಆ ಕುಟುಂಬಿಯೇ ಸವೆದು ಮಹಾರಾಷ್ಟ್ರದ, ಗೋವೆಯ ಬೇಸಾಯಗಾರ ‘ಕುಣಬಿ’ ಆಯಿತೆಂಬುದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪುವ ಮಾತು. ಕನ್ನಡ ನಾಡಿನಲ್ಲಿ ಒಕ್ಕಲು ಒಕ್ಕಲಿಗ ಆಯಿತು, ಮಹಾರಾಷ್ಟ್ರ, ಗೋವೆಗಳಲ್ಲಿ ಕುಟುಂಬಿ ಕುಣಬಿ ಆಯಿತು. ಎರಡು ನುಡಿಮೂಲಗಳು, ದಾರಿ ಒಂದೇ: ಒಟ್ಟಿಗೆ ಉಣ್ಣುವವರ ಹೆಸರು ಉಣಿಸುವವರ ಹೆಸರಾಯಿತು.

ಪದ ಸತ್ತಿಲ್ಲ ಎನ್ನುವುದಕ್ಕೆ ದಿನಪತ್ರಿಕೆಯೇ ಸಾಕ್ಷಿ. ಜೋಪಡಿ ಕೆಡವಿದ ಮರುದಿನ ‘ಒಕ್ಕಲೆಬ್ಬಿಸಿದರು’ ಎಂದೇ ಅಚ್ಚಾಗುತ್ತದೆ. ಅಲ್ಲಿ ಎಬ್ಬಿಸಿದ್ದು ರೈತರನ್ನಲ್ಲ, ಮನೆಮಂದಿಯನ್ನು. ತುಳುವರು ಗೃಹಪ್ರವೇಶಕ್ಕೆ ‘ಇಲ್ಲ್ ಒಕ್ಕೆಲ್’ ಎನ್ನುತ್ತಾರೆ. ಹಾಲು ಉಕ್ಕಿಸಿದ ಮೇಲೆಯೇ ಮನೆ ಮನೆಯಾಗುವುದು. ಗಣತಿಯ ವ್ಯಾಖ್ಯೆ ಹೇಳುವುದೂ ಅದನ್ನೇ. ಮರಾಠಿಯಲ್ಲಿ ಮನೆಯವರನ್ನೆಲ್ಲ ಊಟಕ್ಕೆ ಕರೆಯುವುದಕ್ಕೆ ‘ಚೂಲಬಂದ ಆವತಣ’ ಎನ್ನುತ್ತಾರೆ, ಅಂದು ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಒಲೆ ಎಣಿಸಿದರೆ ಮನೆಮಂದಿಯನ್ನು ಎಣಿಸಿದಂತೆ ಎಂದು ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಆ ಸರಾಸರಿಗೆ ಬರುತ್ತೇನೆ. 2011ರ ಗಣತಿಯ ಮನೆಪಟ್ಟಿಯಲ್ಲಿ (ಜನರನ್ನು ಎಣಿಸುವ ಮೊದಲು ಮನೆಗಳನ್ನು ಬರೆದುಕೊಳ್ಳುವ ಹಂತ) ದೇಶದ ಕುಟುಂಬಗಳು 24.67 ಕೋಟಿ, ಜನಸಂಖ್ಯೆ 121 ಕೋಟಿ. ತಲಾ ಐದಕ್ಕೆ ತುಸು ಕಡಿಮೆ. ಈ ಅಂಕಿ ಇಳಿದರೆ ಅವಿಭಕ್ತ ಕುಟುಂಬ ಒಡೆಯಿತು ಎನ್ನಬಹುದೆ? ಬೆರಳು ಮಡಚಿ ಲೆಕ್ಕ ಹಾಕಿ. ಅಜ್ಜ, ಅಜ್ಜಿ, ಮಗ, ಸೊಸೆ, ಐದು ಮಕ್ಕಳು: ಒಂಬತ್ತು. ಮುಂದಿನ ತಲೆಮಾರಿನಲ್ಲಿ ಅದೇ ರೀತಿ ಅಜ್ಜ, ಅಜ್ಜಿ, ಮಗ, ಸೊಸೆ, ಎರಡೇ ಮಕ್ಕಳು: ಆರು. ಗಾತ್ರ ಮೂರರಲ್ಲಿ ಒಂದು ಪಾಲು ಇಳಿಯಿತು, ಒಬ್ಬರೂ ಮನೆ ಬಿಟ್ಟಿಲ್ಲ. ಮಕ್ಕಳು ಕಡಿಮೆಯಾದದ್ದನ್ನು ಮುದುಕರನ್ನು ಹೊರಹಾಕಿದ್ದೆಂದು ಓದುವುದು ಸರಳ ತಪ್ಪಲ್ಲ, ಒಂದು ತಲೆಮಾರಿನ ಮೇಲೆ ಹೊರಿಸಿದ ಸುಳ್ಳು ಆರೋಪ. ನಮ್ಮ ಮನೆಗಳ ಸೊಸೆಯಂದಿರು ಇದನ್ನು ಎಷ್ಟು ಸಲ ಕೇಳಿಸಿಕೊಳ್ಳಬೇಕು?

ಅವಿಭಕ್ತವೋ ಅಲ್ಲವೋ ಎಂದು ತಿಳಿಯಬೇಕಿದ್ದರೆ ಮನೆಪಟ್ಟಿಯಲ್ಲಿ ಬೇರೆ ಪ್ರಶ್ನೆಯೇ ಇದೆ: ಈ ಕುಟುಂಬದಲ್ಲಿ ಎಷ್ಟು ವಿವಾಹಿತ ಜೋಡಿಗಳಿವೆ? 2011ರಲ್ಲಿ ನೂರಕ್ಕೆ 70ರಷ್ಟು ಕುಟುಂಬಗಳಲ್ಲಿ ಒಂದೇ ಜೋಡಿ ಇತ್ತು. ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ವಿಧವೆ ತಾಯಿ, ಮಗ, ಸೊಸೆ, ಮೊಮ್ಮಕ್ಕಳು ಇರುವ ಮೂರು ತಲೆಮಾರಿನ ಮನೆಯಲ್ಲಿಯೂ ಜೋಡಿ ಒಂದೇ.

ಇನ್ನೊಂದು ತಪ್ಪು ಓದು ನಮ್ಮಂಥ ವಲಸಿಗರಿಗೆ ನೇರವಾಗಿ ತಾಗುತ್ತದೆ. 2011ರಲ್ಲಿ ಮುಂಬೈ ನಗರ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 832 ಹೆಂಗಸರು. ರತ್ನಾಗಿರಿಯಲ್ಲಿ 1122, ಉಡುಪಿಯಲ್ಲಿ 1094. ಮೊದಲ ಅಂಕಿಯನ್ನು ನೋಡಿದ ಕೂಡಲೇ ಭ್ರೂಣಹತ್ಯೆಯ ಮಾತು ಎತ್ತುತ್ತಾರೆ. ಭ್ರೂಣಹತ್ಯೆ ಇದೆ, ಅದನ್ನು ಆರು ವರ್ಷದವರೆಗಿನ ಮಕ್ಕಳ ಅನುಪಾತದಲ್ಲಿ ಹುಡುಕಬೇಕು. ಈ ಮೂರು ಅಂಕಿಗಳು ಮುಖ್ಯವಾಗಿ ಹೇಳುವುದು ವಲಸೆಯ ಕಥೆ. ಗಿರಣಿಗೆಂದು ಕೊಂಕಣದಿಂದ, ಹೋಟೆಲಿಗೆಂದು ಕರಾವಳಿಯಿಂದ ಗಂಡಸರು ಬಂದರು, ಚಾಳಿನ ಒಂದು ಖೋಲಿಯಲ್ಲಿ ಹತ್ತಾರು ಮಂದಿ ಮಲಗಿದರು, ಖಾನಾವಳಿಯಲ್ಲಿ ಉಂಡರು. ಹೆಂಡತಿ, ಮಕ್ಕಳು, ತಾಯಿ ಊರಿನಲ್ಲಿ ಉಳಿದರು. ಅವರ ಪಾಲಿಗೆ ಅದು ಒಂದೇ ಸಂಸಾರ, ಮನಿಯಾರ್ಡರ್ ನಡುವಿನ ಹಗ್ಗ. ಗಣತಿಗೆ ಎರಡು ಕುಟುಂಬ, ಎರಡು ಜಿಲ್ಲೆಗಳ ಲೆಕ್ಕಕ್ಕೆ.

ಪಡಿತರ ಚೀಟಿಯ ಕುಟುಂಬ ಮತ್ತೆ ಬೇರೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಅಲ್ಲಿ ಹದಿನೆಂಟು ತುಂಬಿದ ಹಿರಿಯ ಹೆಂಗಸೇ ಯಜಮಾನಿ. ಗಣತಿಯಲ್ಲಿ ಮನೆಯವರು ಯಾರನ್ನು ಒಪ್ಪಿ ಹೇಳುತ್ತಾರೋ ಅವರು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ‘ಅಂಕಿ ಸುಳ್ಳು’ ಎನ್ನಬೇಡಿ. ಹಾಗೆಯೇ ಗಣತಿಯ ‘ಮನೆ’ಯೂ ಕುಟುಂಬವಲ್ಲ. ರಸ್ತೆಗೋ ಅಂಗಳಕ್ಕೋ ಮೆಟ್ಟಿಲಿಗೋ ತೆರೆಯುವ ಪ್ರತ್ಯೇಕ ಮುಖ್ಯ ಬಾಗಿಲು ಇದ್ದರೆ ಅದು ಮನೆ. ಪುಣೆಯ ಸದಾಶಿವ ಪೇಠೆಯಲ್ಲಿ ಅಂಗಳದ ಸುತ್ತ ಕಟ್ಟಿದ ಒಂದು ಹಳೆಯ ವಾಡೆ ಒಂದೇ ಕಟ್ಟಡ, ಹತ್ತು ಮನೆ, ಹನ್ನೆರಡು ಕುಟುಂಬ ಆಗಬಹುದು.

ಹೋದ ವರ್ಷ ನಮ್ಮ ಬಳಗದ ವಿಳಾಸಪಟ್ಟಿ ಮಾಡಲು ಮನೆ ಮನೆ ತಿರುಗುವಾಗ ಒಂದು ಮನೆಗೆ ಹೋಗಿದ್ದೆ. ವಿಜಯಪುರ ಕಡೆಯವರು. ಅಣ್ಣ ತಮ್ಮ ಇಬ್ಬರೂ ಕಾರ್ಖಾನೆಯ ಕೆಲಸಗಾರರು. ಬಾಗಿಲು ಒಂದು, ಹಜಾರ ಒಂದು. ಅಡುಗೆಮನೆಯ ಕಟ್ಟೆಯ ಈ ತುದಿಗೊಂದು ಗ್ಯಾಸ್ ಒಲೆ, ಆ ತುದಿಗೊಂದು. ನಡುವೆ ಹಿಟ್ಟಿನ ಡಬ್ಬಗಳನ್ನು ಸಾಲಾಗಿ ಗೋಡೆಯಂತೆ ಇಟ್ಟಿದ್ದರು. ಸಿಲಿಂಡರಿನ ಮೇಲೆ ಸುಣ್ಣದಲ್ಲಿ ಒಂದಕ್ಕೆ ಅಣ್ಣನ ಹೆಸರು, ಒಂದಕ್ಕೆ ತಮ್ಮನ ಹೆಸರು. ನಾನು ಗಣತಿಯ ರೀತಿಯಲ್ಲೇ ಎರಡು ಹಾಳೆ ತೆಗೆದೆ. ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು ಒಂದರಲ್ಲಿ. ತಮ್ಮ, ಅವನ ಹೆಂಡತಿ, ಒಂದು ಮಗು ಇನ್ನೊಂದರಲ್ಲಿ. ತಾಯಿ ಹಜಾರದ ಮಂಚದ ಮೇಲೆ ಕೂತಿದ್ದರು.

‘ಅಮ್ಮಾ, ನಿಮ್ಮ ಊಟ ಯಾರ ಕಡೆ?’ ಎಂದೆ.

‘ಹಗಲು ದೊಡ್ಡವನ ಕಡೆ, ರಾತ್ರಿ ಸಣ್ಣವನ ಕಡೆ. ಎರಡೂ ಕಡೆ ಬರೆದುಕೊಳ್ಳಪ್ಪ.’

ಒಬ್ಬರನ್ನು ಎರಡು ಕಡೆ ಬರೆಯುವಂತಿಲ್ಲ ಎಂದು ವಿವರಿಸಿದೆ. ಅವರು ಅಡುಗೆಮನೆಯತ್ತ ಒಮ್ಮೆ ನೋಡಿದರು. ಅಲ್ಲಿ ಚಿಕ್ಕ ಸೊಸೆ ನಮಗೆಂದೇ ಚಹಾ ಕಾಯಿಸುತ್ತಿದ್ದಳು. ತಾಯಿ ನನ್ನ ಕೈ ಹಿಡಿದು, ದನಿ ತಗ್ಗಿಸಿ, ‘ಅವಳ ಕಡೆ ಬರೆ. ಮೂರೇ ಮಂದಿ ಇದ್ದಾರೆ, ತೀರ ಕಡಿಮೆ ಕಾಣುತ್ತದೆ’ ಎಂದರು.

ಅಣ್ಣನ ಹಾಳೆಯಲ್ಲಿ ನಾಲ್ಕು, ತಮ್ಮನ ಹಾಳೆಯಲ್ಲಿ ನಾಲ್ಕು ಎಂದು ಬರೆದುಕೊಂಡೆ.