ಆಟೋಸೇವ್ ಆನ್ ಇತ್ತು ಸಾರ್, ಡ್ರಾಯಿಂಗ್ ಮಾತ್ರ ಇಲ್ಲ

ಮೈಸೂರಿನಲ್ಲಿ ಏಪ್ರಿಲ್ ಬಂತು ಅಂದ್ರೆ ಸಂಜೆ ಗಾಳಿ ಎದ್ದು, ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿದ್ದು, ಕರೆಂಟ್ ಹೋಗುತ್ತದೆ. ಆಮೇಲೆ ನನ್ನ ಫೋನ್ ಶುರು. ನಮ್ಮ ಆಫೀಸಿನಲ್ಲಿ, ಆಟೋಕ್ಯಾಡ್ ಅನ್ನೋ ಪ್ಲಾನ್ ಬರೆಯುವ ಪ್ರೋಗ್ರಾಂನಲ್ಲಿ, ಡ್ರಾಫ್ಟಿಂಗ್ ಕಲಿತು ಹೋದ ಹುಡುಗರೇ ಜಾಸ್ತಿ. "ಸಾರ್, ಆಟೋಸೇವ್ ಆನ್ ಇತ್ತು, ಆದ್ರೂ ಬೆಳಗ್ಗೆಯಿಂದ ಮಾಡಿದ್ದು ಏನೂ ಇಲ್ಲ!"

ಇದೆ ಕಣಪ್ಪ, ನೀನು ನೋಡ್ತಿರೋ ಜಾಗದಲ್ಲಿ ಇಲ್ಲ ಅಷ್ಟೇ.

ಆಟೋಕ್ಯಾಡ್‌ನ ಆಟೋಸೇವ್ ನಿಮ್ಮ ಡ್ರಾಯಿಂಗ್ ಫೈಲನ್ನು ಮುಟ್ಟುವುದೇ ಇಲ್ಲ. ಬೇರೊಂದು ಕಾಪಿ ಮಾಡಿ, ಹೆಸರಿನ ಕೊನೆಗೆ ಎಸ್‌ವಿ ಡಾಲರ್ (.sv$) ಅನ್ನೋ ಬಾಲ ಅಂಟಿಸಿ, ಸಾಮಾನ್ಯವಾಗಿ ವಿಂಡೋಸ್‌ನ ಟೆಂಪ್ ಫೋಲ್ಡರಿನಲ್ಲಿ ಇಡುತ್ತದೆ. ಡ್ರಾಯಿಂಗನ್ನು ಸರಿಯಾಗಿ ಕ್ಲೋಸ್ ಮಾಡಿದರೆ ಆ ಕಾಪಿ ತಾನಾಗೇ ಅಳಿಸಿಹೋಗುತ್ತದೆ, ಕರೆಂಟ್ ಹೋದರೆ ಅಥವಾ ಪ್ರೋಗ್ರಾಂ ಕ್ರ್ಯಾಶ್ ಆದರೆ ಮಾತ್ರ ಉಳಿಯುತ್ತದೆ. ಹಾಗಾಗಿ 'ಸೇವ್ ಮಾಡಬೇಕಾ' ಅಂತ ಕೇಳಿದಾಗ 'ನೋ' ಒತ್ತಿದವರು ಅದನ್ನು ಹುಡುಕಿ ಪ್ರಯೋಜನ ಇಲ್ಲ.

ಕರೆಂಟ್ ಬಂದ ಮೇಲೆ ಆಟೋಕ್ಯಾಡ್ ತೆರೆದರೆ ಪಕ್ಕದಲ್ಲಿ ಡ್ರಾಯಿಂಗ್ ರಿಕವರಿ ಮ್ಯಾನೇಜರ್ ಬರುತ್ತದೆ. ಎಲ್ಲರೂ ಇದನ್ನು ಕಿರಿಕಿರಿ ಅಂತ ಮುಚ್ಚುತ್ತಾರೆ. ಮುಚ್ಚಬೇಡಿ. ಒಂದೇ ಡ್ರಾಯಿಂಗಿನ ಬೇರೆ ಬೇರೆ ಕಾಪಿ ಅಲ್ಲಿರುತ್ತವೆ, ಸಮಯ ನೋಡಿ ಹೊಸದನ್ನು ತೆರೆಯಿರಿ. ಅಲ್ಲಿ ಸಿಗದಿದ್ದರೆ ಆಪ್ಷನ್ಸ್‌ಗೆ ಹೋಗಿ, ಫೈಲ್ಸ್ ಟ್ಯಾಬಿನಲ್ಲಿ ಆಟೋಸೇವ್ ಜಾಗ ಯಾವುದು ಅಂತ ನೋಡಿ, ಆ ಫೈಲನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಕೊಂಡು, ಆಮೇಲೆ ಬಾಲವನ್ನು ಡಿಡಬ್ಲ್ಯೂಜಿ (.dwg, ಮಾಮೂಲಿ ಡ್ರಾಯಿಂಗ್ ಫೈಲಿನ ಬಾಲ) ಅಂತ ಬದಲಿಸಿ. ವಿಂಡೋಸ್‌ನಲ್ಲಿ ಬಾಲ ಕಾಣುವ ಹಾಗೆ ಟಿಕ್ ಹಾಕಿರಬೇಕು, ಇಲ್ಲದಿದ್ದರೆ ಹೆಸರು ಮಾತ್ರ ಬದಲಾಗಿ "ಓಪನ್ ಆಗ್ತಿಲ್ಲ ಸಾರ್" ಅಂತ ಇನ್ನೊಂದು ಫೋನ್ ಬರುತ್ತದೆ.

ಆಟೋಸೇವ್ ಅವಧಿ ಮೊದಲಿಂದ 10 ನಿಮಿಷ ಇರುತ್ತದೆ. ನಾನು 5 ಇಡುತ್ತೇನೆ. 1 ಇಟ್ಟರೆ ದೊಡ್ಡ ಲೇಔಟ್ ಸರ್ವೆ ಡ್ರಾಯಿಂಗಿನಲ್ಲಿ ನಿಮಿಷಕ್ಕೊಮ್ಮೆ ಮೌಸ್ ನಿಂತುಹೋಗುತ್ತದೆ, ಆ ಸಿಟ್ಟಿಗೆ ಯಾರೋ 0 ಹಾಕಿಬಿಡುತ್ತಾರೆ. 0 ಅಂದ್ರೆ ಪೂರ್ತಿ ಆಫ್. ಸೇವ್‌ಟೈಮ್ (SAVETIME) ಅಂತ ಆಟೋಕ್ಯಾಡ್ ಕಮಾಂಡ್ ಲೈನಿನಲ್ಲಿ ಟೈಪ್ ಮಾಡಿ ಈಗಲೇ ನೋಡಿಕೊಳ್ಳಿ. ಜಾಗವನ್ನೂ ಟೆಂಪ್‌ನಿಂದ ಬೇರೆ ಫೋಲ್ಡರಿಗೆ ಬದಲಿಸಿ, ಕ್ಲೀನಪ್ ಅಂತ ಗುಡಿಸುವಾಗ ಮೊದಲು ಹೋಗೋದು ಅದೇ. ಅಂದ ಹಾಗೆ, ಇನ್ವರ್ಟರ್ ಇದೆಯಲ್ಲ ಅನ್ನುವವರು ಅದು ಯುಪಿಎಸ್ ಮೋಡಿನಲ್ಲಿದೆಯಾ ನೋಡಿ. ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಬಿಎಕೆ (.bak) ಅನ್ನೋ ಬ್ಯಾಕಪ್ ಫೈಲಿನ ಕಥೆಯೇ ಬೇರೆ. ನೀವಾಗಿ ಸೇವ್ ಒತ್ತಿದಾಗಲೆಲ್ಲ ಅದಕ್ಕಿಂತ ಹಿಂದಿನ ಸೇವ್ ಬಿಎಕೆ ಆಗಿ ಅದೇ ಫೋಲ್ಡರಿನಲ್ಲಿ ಕೂರುತ್ತದೆ. ಒಂದೇ ಒಂದು. ನಮ್ಮಲ್ಲಿ ಹಳೇ 30-40 ಸೈಟಿನ ಪ್ಲಾನ್ ತೆರೆದು, ಅದರ ಮೇಲೆಯೇ ಹೊಸ ಪಾರ್ಟಿಯ ಮನೆ ಬರೆಯೋದು ಮಾಮೂಲು, ಅಲ್ವಾ? ಸೇವ್ ಆ್ಯಸ್ ಮರೆತು ಒಂದು ಸಲ ಕಂಟ್ರೋಲ್ ಎಸ್ ಒತ್ತಿದರೆ ಹಳೇದು ಬಿಎಕೆಯಲ್ಲಿ ಬದುಕಿರುತ್ತದೆ. ಎರಡನೇ ಸಲ ಒತ್ತಿದರೆ ಅದೂ ಹೋಯ್ತು. ಕರೆಂಟಿಗೆ ಹೆದರಿ ಮಾತೆತ್ತಿದರೆ ಸೇವ್ ಒತ್ತುವ ಒಳ್ಳೇ ಅಭ್ಯಾಸವೇ ಇಲ್ಲಿ ಕೈ ಕೊಡುತ್ತದೆ. ಗೊತ್ತಾದ ತಕ್ಷಣ ಕೀಬೋರ್ಡಿನಿಂದ ಕೈ ತೆಗೆಯಿರಿ, ಬಿಎಕೆಯನ್ನು ಬೇರೆ ಕಡೆ ಕಾಪಿ ಮಾಡಿ.

ಆಟೋಸೇವ್ ಕಾಪಿ, ಬಿಎಕೆ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನಲ್ಲಿರುತ್ತವೆ ಅನ್ನೋದು ನೆನಪಿರಲಿ. ಡಿ ಡ್ರೈವ್ ಬೇರೆ ಡಿಸ್ಕ್ ಅಂದುಕೊಂಡವರು ಬಹಳ ಜನ, ಎಷ್ಟೋ ಕಂಪ್ಯೂಟರಿನಲ್ಲಿ ಅದು ಅದೇ ಡಿಸ್ಕಿನ ಇನ್ನೊಂದು ಪಾಲು. ಗೂಗಲ್ ಡ್ರೈವ್ ಒಳ್ಳೇದೇ. ಆದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ ಅಷ್ಟೇ. ಡ್ರಾಯಿಂಗಿನ ಹಳೇ ಆವೃತ್ತಿಗಳೂ 30 ದಿನ ಆದ ಮೇಲೆ ಅಥವಾ 100 ಹೊಸ ಆವೃತ್ತಿ ಬಂದ ಮೇಲೆ ಹೋಗಿಬಿಡಬಹುದು. ಪಾರ್ಟಿಗಳು ಬಂದು "ಸಾರ್, ಆ ಮೊದಲನೇ ಪ್ಲಾನೇ ಇರ್ಲಿ" ಅನ್ನೋದು ಮೂರು ತಿಂಗಳ ಮೇಲೆ.

ಅದಕ್ಕೇ ಶನಿವಾರ ಸಂಜೆ ಹೊರಗಿನ ಹಾರ್ಡ್ ಡಿಸ್ಕಿಗೆ ಒಂದು ಕಾಪಿ ಹಾಕಿ, ಫೋಲ್ಡರಿಗೆ ವರ್ಷ-ತಿಂಗಳು-ದಿನ ಅಂತ ಹೆಸರು ಕೊಟ್ಟು, ವೈರ್ ಕಿತ್ತು ಮನೆಗೆ ಒಯ್ಯಿರಿ. ಆಗಾಗ ಅದರಿಂದ ಒಂದು ಡ್ರಾಯಿಂಗನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನುಡಿ ಫಾಂಟಿನಲ್ಲಿ ಬರೆದ ಮಾಲೀಕರ ಹೆಸರು, ಸರ್ವೆ ನಂಬರ್ ಎಲ್ಲ ಅಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರವಾಗಿ ಕಂಡರೆ, ಫಾಂಟ್ ಫೈಲನ್ನೂ ಆ ಫೋಲ್ಡರಿಗೆ ಹಾಕಿಡಿ.