ಒಂದು ಕಿಲೋ ಮೆಣಸಿನಕಾಯಿಗೆ ಮೂರು ಕಿಲೋದ ಶಿಪ್ಪಿಂಗ್ ಯಾಕೆ?

ಪ್ರಶ್ನೆ: ಬ್ಯಾಡಗಿಯಿಂದ ಆನ್‌ಲೈನಿನಾಗ ಒಂದು ಕಿಲೋ ಒಣಮೆಣಸಿನಕಾಯಿ ಮಾರಿದ್ರ ಮೂರು ಕಿಲೋದ ಶಿಪ್ಪಿಂಗ್ ಮುರಕೊಳ್ತಾರ್ರಿ. ಇದು ಯಾವ ನ್ಯಾಯ?

ತೂಕ ನೋಡಿದರೆ ಅನ್ಯಾಯ, ಜಾಗ ನೋಡಿದರೆ ಅಲ್ಲ. ಒಣಮೆಣಸಿನಕಾಯಿ ತುಂಬಿದ ಗಾಡಿಯಲ್ಲಿ ಭಾರಕ್ಕಿಂತ ಮೊದಲು ಜಾಗ ಮುಗಿಯುತ್ತದೆ. ಅದಕ್ಕೇ ಕೊರಿಯರ್‌ನವರು ನಿಜ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30×25×20ರ ಬಾಕ್ಸ್ ಎಂದರೆ 15,000. ಭಾಗಿಸಿದರೆ 3 ಕಿಲೋ. ನಿಮ್ಮ ಲೆಕ್ಕ ಅಲ್ಲಿಗೇ ಬಂದಿದೆ.

ಬಾಕ್ಸ್ ಬದಲಿಸಿ. 25×20×20 ಆದರೆ ಸರಿಯಾಗಿ 2 ಕಿಲೋ. ಆದರೆ ಅದನ್ನೂ ತರಬೇಡಿ: ಮುಚ್ಚಳ ಒಂದೇ ಸೆಂಟಿಮೀಟರ್ ಉಬ್ಬಿದರೂ 2.1 ಆಗಿ, ಅರ್ಧ ಕಿಲೋಗೊಮ್ಮೆ ದರ ಏರುವ ಸ್ಲ್ಯಾಬ್ ಇದ್ದಲ್ಲಿ 2.5ರ ದರ ಬೀಳುತ್ತದೆ. ಎತ್ತರ 18 ಇರಲಿ. ಬ್ಯಾಡಗಿ ಮೆಣಸಿನ ತಳಿಗಳಲ್ಲಿ ಉಬ್ಬಿದ ‘ಡಬ್ಬಿ’ ಕಾಯಿಗಿಂತ ಉದ್ದನೆಯ ‘ಕಡ್ಡಿ’ ಕಾಯಿ ಒತ್ತಾಗಿ ಕೂಡುತ್ತದೆ. ಕಾಯಿ ಮೆತ್ತಗಾಗಲಿ ಎಂದು ನೀರು ಚಿಮುಕಿಸಿ ಅದುಮುವವರಿದ್ದಾರೆ; ದಯವಿಟ್ಟು ಬೇಡ, ಮುಚ್ಚಿದ ಚೀಲದೊಳಗೆ ಬೂಸ್ಟು ಹಿಡಿಯುತ್ತದೆ. ಪುಡಿ ಮಾರುವವರಿಗೆ ಈ ತಾಪತ್ರಯ ಇಲ್ಲ, 20×15×10ರಲ್ಲಿ ಒಂದು ಕಿಲೋ ಹಿಡಿಯುತ್ತದೆ. ನಿಜ ತೂಕಕ್ಕೇ ದರ. ಆದರೆ ಅರ್ಧ ಕಿಲೋ ಪುಡಿಗೆ ಕವರಿನ ತೂಕ ಕೂಡಿದರೆ ಒಂದು ಕಿಲೋದ ಸ್ಲ್ಯಾಬಿಗೆ ಹಾರುತ್ತದೆ. 400 ಗ್ರಾಂ ಪ್ಯಾಕೆಟ್ ಮಾಡಿ.

ನಿಜವಾದ ಅನ್ಯಾಯ ಇರುವುದು ಮರುತೂಕದಲ್ಲಿ. ಕೊರಿಯರ್‌ನವರ ಹಬ್ಬಿನಲ್ಲಿ (ಪಾರ್ಸಲ್ ವಿಂಗಡಿಸುವ ಕೇಂದ್ರದಲ್ಲಿ) ಅಳತೆ ಹೆಚ್ಚು ತೋರಿಸಿ, ಪುರಾವೆ ಕೊಡದೆ ಹಣ ಮುರಿದುಕೊಳ್ಳುವುದನ್ನು ಒಪ್ಪಬೇಡಿ. ಪ್ರತಿ ಪಾರ್ಸಲ್ಲನ್ನೂ ತಕ್ಕಡಿಯ ಮೇಲಿಟ್ಟು ಒಂದು ಫೋಟೊ, ಮೂರೂ ಬದಿಗೆ ಟೇಪು ಹಿಡಿದು ಮೂರು ಫೋಟೊ ತೆಗೆಯಿರಿ. ಎಲ್ಲದರಲ್ಲೂ ಲೇಬಲ್ಲಿನ ನಂಬರ್ ಕಾಣಬೇಕು. ತಕರಾರು ಸಲ್ಲಿಸಲು ಕೆಲವೇ ದಿನ ಕೊಡುತ್ತಾರೆ, ಹೀಗಾಗಿ ವಾರಕ್ಕೆರಡು ಸಲ ಕಡಿತದ ಪಟ್ಟಿ ನೋಡಿ. ಈ ಶುಲ್ಕಗಳ ಮೇಲಿನ 18% ಜಿಎಸ್‌ಟಿಯನ್ನೂ ಮಾರುವ ದರಕ್ಕೆ ಮೊದಲೇ ಸೇರಿಸಿಕೊಳ್ಳಿ.

ಕೊಳ್ಳುವವರಿಗೂ ಒಂದು ಮಾತು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಡೆಲಿವರಿ ಶುಲ್ಕವನ್ನು ಬಿಡಿಸಿ ತೋರಿಸಲೇಬೇಕು. ಹಣ ಕಟ್ಟುವ ಕೊನೆಯ ಪುಟದಲ್ಲಿ ಹೊಸ ಶುಲ್ಕ ಹೊರಬಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.